ಕಾಕಾನ ಕರಿ ಸ್ಕ್ರೀನು, ಕಾಕುವಿನ ಕೇಬಲ್ಲು

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಕಾಕಾ ಮಾತ್ರ ಎರಡಿವೆ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಪುಣೆಯ ಕರ್ವೆ ನಗರದಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟು. ಹಾಲಿನ ಮೂಲೆಯ ಟೇಬಲ್ ಕೆಳಗೆ ದಪ್ಪನೆಯ ಕ್ಯಾಬಿನೆಟ್ಟು, ಅದರೊಳಗೆ 8ನೇ ತಲೆಮಾರಿನ ಐ5, 32 ಜಿಬಿ ರ್‍ಯಾಮು. ಅದರ ಮೇಲೆ ಲಿನಕ್ಸ್. ನಾನು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಅದರಲ್ಲೇ ಕೆಲಸ ಮಾಡುತ್ತೇನೆ. ಅದರ ಹೊಟ್ಟೆಯೊಳಗೆ ಒಂದು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್ ಇದೆ, ವಿಂಡೋಸ್ 10, ಅದು ಕಾಕಾನದು. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಒಂದು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿಯಾಗಿ ಆ ವಿಂಡೋಸ್‌ಗೆ ಬಿಟ್ಟುಕೊಟ್ಟಿದ್ದೇನೆ, ಆ ಕಾರ್ಡಿಗೆ ಕಾಕಾನ ಮಾನಿಟರ್. ಬೆಳಿಗ್ಗೆ ಪೂಜೆ, ಚಹಾ ಮುಗಿಸಿ ಬಂದು ಮಾನಿಟರ್ ಆನ್ ಮಾಡಿದರೆ ವಿಂಡೋಸ್ ಎದುರಿಗೇ ಇರುತ್ತದೆ. ಕೆಳಗೆ ಇನ್ನೊಂದು ಓಡುತ್ತಿದೆ ಅನ್ನುವುದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಕಾಕಾ ಧಾರವಾಡದಿಂದ ಬಂದು ಅಪ್ಪಾ ಬಳವಂತ ಚೌಕದ ಹತ್ತಿರ ಮೂವತ್ತು ವರ್ಷ ಡಿಟಿಪಿ ಅಂಗಡಿ ನಡೆಸಿದವರು. ಕೊರೊನಾ ಬಂದಾಗ ಅಂಗಡಿ ಮುಚ್ಚಿತು, ಗಿರಾಕಿಗಳು ಮಾತ್ರ ಬಿಡಲಿಲ್ಲ. ಕನ್ನಡದವರ ಮುಂಜಿ, ಮದುವೆ ಪತ್ರಿಕೆ, ಮರಾಠಿಯವರ ವಾಸ್ತುಶಾಂತಿ ಪತ್ರಿಕೆ, ಎಲ್ಲ ಈಗ ನಮ್ಮ ಹಾಲಿನಿಂದಲೇ. ಅವರ ಫಾಂಟು ಇದೇ ಊರಲ್ಲಿ ಹುಟ್ಟಿದ ಶ್ರೀಲಿಪಿ. ಅದಕ್ಕೊಂದು ಡಾಂಗಲ್ ಚುಚ್ಚಬೇಕು, ವಿಂಡೋಸ್ ಬೇಕು. ಹಾಗಾಗಿ ಈ ಪೂರಾ ಏರ್ಪಾಡು.

ಇದು 2022ರ ಜುಲೈ ಕಥೆ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಭಿಡೆ ಪೂಲ್ (ಸೇತುವೆ) ಮುಳುಗಿದ್ದ ಸಮಯ. ಮಳೆಗೆ ಎಲ್ಲೂ ಹೋಗುವ ಹಾಗಿರಲಿಲ್ಲ, ಸುಮ್ನೆ ಕೂರಲಾಗದೆ ಒಂದು ರಾತ್ರಿ ಲಿನಕ್ಸ್‌ನ ಅಪ್‌ಡೇಟ್ ಹೊಡೆದೆ. ಲಿನಕ್ಸಿನ ತಿರುಳಾದ ಕರ್ನಲ್ 5.13 ಇದ್ದದ್ದು 5.15 ಆಯಿತು. ರೀಬೂಟ್ ಮಾಡಿ, ಎಸ್‌ಎಸ್‌ಎಚ್ ಬಂತು ಅಂತ ನೋಡಿ ಮಲಗಿದೆ.

ಬೆಳಿಗ್ಗೆ ಕಾಕಾನ ದನಿ.

"ಲೇ ತಮ್ಮಾ, ನನ್ನ ಪೆಟಗಿ ಸತ್ತೈತಿ ನೋಡು. ಸ್ಕ್ರೀನ್ ಕರ್ರಗ ಆಗೇತಿ."

"ನೋಡತೀನ್ರಿ ಕಾಕಾ."

"ಮೊದಲ ಕೇಬಲ್ ನೋಡು. ಕೇಬಲ್ ಸಡ್ಲಾಗಿರತೈತಿ."

ಕೇಬಲ್ ಗಟ್ಟಿಯಾಗಿತ್ತು. ಒತ್ತಿಯೂ ನೋಡಿದೆ. ಮಾನಿಟರ್ ಲೈಟು ಇದೆ, ಚಿತ್ರ ಇಲ್ಲ. ವರ್ಚುವಲ್ ಮೆಷಿನ್ ಓಡುತ್ತಿದೆ ಅಂತ ಲಿನಕ್ಸ್ ಹೇಳುತ್ತಿದೆ, ಒಂದು ಕೋರ್ ನೂರಕ್ಕೆ ನೂರು ಉರಿಯುತ್ತಿದೆ. ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿ ಡಿಮೆಸೇಜ್ ತೆಗೆದರೆ ಒಂದೇ ಸಾಲು, ಮೇಲಿಂದ ಮೇಲೆ, ಸಾವಿರಾರು ಸಲ: ವಿಎಫ್‌ಐಒ-ಪಿಸಿಐ, ಬಾರ್ 1, ಕಾಂಟ್ ರಿಸರ್ವ್.

ಯಾವ ಕರ್ನಲ್ ಬೇಕು ಅಂತ ಕೇಳುವ ಗ್ರಬ್ ಮೆನುವಿನಲ್ಲಿ ಹಳೆಯ 5.13 ಆರಿಸಿ ಬೂಟ್ ಮಾಡಿದೆ. ಕಾಕಾನ ವಿಂಡೋಸ್ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಎದ್ದಿತು. ಅವರು ಅವತ್ತು ಗಣಪತಿ ಮಂಡಳವೊಂದರ ಪಾವತಿ ಪುಸ್ತಕ ಮಾಡುತ್ತಿದ್ದರು. ಆ ವರ್ಷ ಚೌತಿ ಆಗಸ್ಟ್ 31ಕ್ಕೆ. ಮಂಡಳದ ಹುಡುಗರು ವರ್ಗಣಿ (ಚಂದಾ) ಎತ್ತಲು ತಿಂಗಳು ಮೊದಲೇ ಹೊರಡುತ್ತಾರೆ, ಅದಕ್ಕೂ ಮೊದಲು ಪುಸ್ತಕ ಕೈಗೆ ಬರಬೇಕು. ಹಾಗಾಗಿ ಮನೆಯಲ್ಲಿ ಒಂದು ಒಪ್ಪಂದ ಆಯಿತು: ಹಗಲು 5.13, ಕಾಕಾನದು. ರಾತ್ರಿ 5.15, ನನ್ನದು.

ಇಲ್ಲಿಗೇ ಬಿಟ್ಟು 5.13ನಲ್ಲೇ ಇದ್ದಿದ್ದರೆ ಆಗುತ್ತಿತ್ತು. ಆದರೆ ಆ ಸಾಲು ತಲೆಯೊಳಗೆ ಕೂತುಬಿಟ್ಟಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಪಿಸಿಐ ಕಾರ್ಡ್ ಅಂದರೆ ಅದರ ಒಳಗಿನ ಮೆಮೊರಿ, ರಿಜಿಸ್ಟರು ಎಲ್ಲ ಪ್ರೊಸೆಸರಿನ ವಿಳಾಸಗಳ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳಬೇಕು. ಹಾಗೆ ಕಾಣಿಸುವ ಒಂದೊಂದು ಕಿಟಕಿಗೂ ಬಾರ್ ಅಂತ ಹೆಸರು. ನನ್ನ ಕಾರ್ಡಿನಲ್ಲಿ ಬಾರ್ 0 ಅಂದರೆ 16 ಎಂಬಿಯಷ್ಟು ರಿಜಿಸ್ಟರುಗಳು, ಬಾರ್ 1 ಅಂದರೆ ವಿಡಿಯೋ ಮೆಮೊರಿಗೆ ತೆರೆದ 256 ಎಂಬಿಯ ಕಿಟಕಿ. ಕಾರ್ಡನ್ನು ವರ್ಚುವಲ್ ಮೆಷಿನ್‌ಗೆ ಕೊಡುವುದು ಅಂದರೆ ಈ ಕಿಟಕಿಗಳನ್ನು ಅದಕ್ಕೆ ಕೊಡುವುದು. ಕೊಡುವ ಕೆಲಸ ವಿಎಫ್‌ಐಒದು. ಇದು 2012ರಲ್ಲಿ ಕರ್ನಲ್ 3.6ರ ಜೊತೆ ಬಂತು, ಅಲೆಕ್ಸ್ ವಿಲಿಯಮ್ಸನ್ ಅದರ ಹಿಂದಿನ ಮುಖ್ಯ ತಲೆ. ಕಾರ್ಡು ತಾನಾಗಿ ಡಿಎಂಎ ಮಾಡಿ ಯಾರ ಮೆಮೊರಿಗೋ ಕೈ ಹಾಕದ ಹಾಗೆ ತಡೆಯುವುದು ಐಒಎಂಎಂಯು, ನಮ್ಮ ಸೊಸೈಟಿಯ ವಾಚ್‌ಮನ್ ಇದ್ದ ಹಾಗೆ. ಆದರೆ ನಮ್ಮ ವಾಚ್‌ಮನ್‌ನಂತೆ ಊಟಕ್ಕೆ ಎದ್ದು ಹೋಗುವುದಿಲ್ಲ. ಇವತ್ತಿನ ಜಗಳ ವಾಚ್‌ಮನ್ ಜೊತೆ ಅಲ್ಲ. ವಿಎಫ್‌ಐಒ ಬಾರ್ 1 ಅನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಹೋದಾಗ ಕರ್ನಲ್ ಆಗುವುದಿಲ್ಲ ಅನ್ನುತ್ತಿದೆ. ಅಂದರೆ ಅಲ್ಲಿ ಆಗಲೇ ಯಾರೋ ಕೂತಿದ್ದಾರೆ.

ಈ ಕೊನೆಯ ವಾಕ್ಯವನ್ನು ನಾನು ಮೊದಲ ದಿನವೇ ಬರೆದುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಆದರೆ ನಾನು ಮಾಡಿದ್ದೇ ಬೇರೆ. ವಿಎಫ್‌ಐಒ ಕೈಕೊಟ್ಟಿದೆ, ಹಾಗಾದರೆ ತಪ್ಪು ವಿಎಫ್‌ಐಒದಲ್ಲೇ ಇದೆ ಅಂತ ತೀರ್ಮಾನ ಮಾಡಿ 5.15ರಲ್ಲಿ ಅದಕ್ಕೆ ಏನೇನಾಗಿದೆ ಅಂತ ಗಿಟ್ ಲಾಗ್, ಅಂದರೆ ಕೋಡಿನ ಬದಲಾವಣೆಗಳ ದಾಖಲೆ, ತೆರೆದೆ. ನೋಡಿದರೆ ದೊಡ್ಡ ರಿಪೇರಿಯೇ ಆಗಿದೆ! ವಿಎಫ್‌ಐಒ-ಪಿಸಿಐಯನ್ನು ಎರಡು ಭಾಗ ಮಾಡಿ, ಎಲ್ಲರೂ ಬಳಸುವಂತಹ ಕೋಡನ್ನು ಕೋರ್ ಅಂತ ಬೇರೆ ಮಾಡ್ಯೂಲಿಗೆ ಹಾಕಿದ್ದಾರೆ. ಕಳ್ಳ ಸಿಕ್ಕಿದ ಅಂದುಕೊಂಡೆ. ಮೇಲ್ ಕೂಡ ಬರೆಯಲು ಶುರು ಮಾಡಿದೆ, ಸಬ್ಜೆಕ್ಟಿನಲ್ಲಿ ಚೌಕದ ಕಂಸ ಹಾಕಿ ದೊಡ್ಡಕ್ಷರದಲ್ಲಿ ರಿಗ್ರೆಶನ್ ಅಂತ. ಕರ್ನಲ್‌ನವರು ಈ ಪದಕ್ಕೆ ಬೇಗ ಏಳುತ್ತಾರೆ. ಮೊದಲು ಕೆಲಸ ಮಾಡುತ್ತಿದ್ದದ್ದು ಹೊಸ ಕರ್ನಲ್‌ನಲ್ಲಿ ನಿಲ್ಲಬಾರದು ಅನ್ನುವುದು ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಇಟ್ಟ ಮೊದಲ ನಿಯಮ, ಇಂಥ ದೂರುಗಳನ್ನು ಲೆಕ್ಕ ಇಡಲು ಥಾರ್ಸ್ಟನ್ ಲೀಮ್‌ಹುಯಿಸ್ ಅನ್ನುವವರು ಒಂದು ಬಾಟ್ ಕೂಡ ಇಟ್ಟುಕೊಂಡಿದ್ದಾರೆ. ಸಾಕ್ಷಿ ಇಲ್ಲದೆ ಕಳಿಸಿದರೆ ಮರ್ಯಾದೆ ಹೋಗುತ್ತದೆ, ಬೈಸೆಕ್ಟ್ ಮಾಡಿ ತಪ್ಪು ತಂದ ಕಮಿಟ್ (ಕೋಡಿನ ಒಂದೊಂದು ಬದಲಾವಣೆ) ಹೆಸರು ಹಿಡಿದೇ ಕಳಿಸೋಣ ಅಂತ ಮೇಲನ್ನು ಡ್ರಾಫ್ಟ್‌ನಲ್ಲಿ ಇಟ್ಟೆ.

ಬೈಸೆಕ್ಟ್ ಲೆಕ್ಕ ಕೇಳಲು ಚಂದ. 5.13ರಿಂದ 5.15ರವರೆಗೆ ಎರಡು ಆವೃತ್ತಿ ಸೇರಿ 25 ಸಾವಿರಕ್ಕೂ ಜಾಸ್ತಿ ಕಮಿಟ್. ಮಧ್ಯದ ಒಂದನ್ನು ಕಟ್ಟಿ ನೋಡು, ಸರಿ ಇದ್ದರೆ ಗುಡ್, ಇಲ್ಲದಿದ್ದರೆ ಬ್ಯಾಡ್ ಅನ್ನು, ಉಳಿದ ಅರ್ಧದಲ್ಲಿ ಮತ್ತೆ ಮಧ್ಯಕ್ಕೆ ಹೋಗು. 15 ಸಲದಲ್ಲಿ ಒಂದೇ ಒಂದು ಕಮಿಟ್ ಉಳಿಯುತ್ತದೆ. ಗೋಣಿಚೀಲದಲ್ಲಿ ಒಂದು ಕಲ್ಲು ಹುಡುಕಲು ಪ್ರತಿ ಸಲ ಅರ್ಧ ಅಕ್ಕಿ ಪಕ್ಕಕ್ಕೆ ಸುರಿದ ಹಾಗೆ.

ಮಾಡಲು ಅಷ್ಟು ಚಂದವಿಲ್ಲ. ಡಿಸ್ಟ್ರೋದ (ಲಿನಕ್ಸನ್ನು ಜೋಡಿಸಿ ಹಂಚುವವರ) ಕಾನ್ಫಿಗ್, ಅಂದರೆ ಕರ್ನಲ್‌ನಲ್ಲಿ ಯಾವ ಆಯ್ಕೆ ಆನ್, ಯಾವುದು ಆಫ್ ಅನ್ನುವ ಪಟ್ಟಿ, ಹಾಗೇ ಇಟ್ಟು ಕಟ್ಟಿದರೆ ಲೋಕದಲ್ಲಿರುವ ಎಲ್ಲ ವೈಫೈ ಕಾರ್ಡಿನ ಡ್ರೈವರೂ ಕಂಪೈಲ್ ಆಗುತ್ತಾ ಕೂರುತ್ತದೆ. ಅದಕ್ಕೆ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ, ನನ್ನ ಮೆಷಿನ್ನಿನಲ್ಲಿ ಲೋಡ್ ಆಗಿರುವಷ್ಟು ಮಾಡ್ಯೂಲ್ ಮಾತ್ರ ಉಳಿಸಿಕೊಂಡೆ. ಒಂದು ಬಿಲ್ಡಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಆಮೇಲೆ ಇನ್‌ಸ್ಟಾಲ್, ರೀಬೂಟ್, ವರ್ಚುವಲ್ ಮೆಷಿನ್ ಶುರು ಮಾಡು, ಎದ್ದು ಹೋಗಿ ಮಾನಿಟರ್ ನೋಡು. ಕಾಕಾ, ಕಾಕು ಮಲಗುವುದು ಅದೇ ಹಾಲಿನಲ್ಲಿ. ರಾತ್ರಿ ಒಂದೂವರೆಗೆ ವಿಂಡೋಸಿನ ನೀಲಿ ಬೆಳಕು ಹಾಲಿನ ತುಂಬ ಬಿದ್ದಾಗ ಕಾಕು ಹೊದಿಕೆ ಮುಖದ ಮೇಲೆ ಎಳೆದುಕೊಂಡು, "ಏನ್ ನಡಿಸೀಯೋ ಮಾರಾಯಾ, ಕಳ್ಳರು ಬಂದಾಂಗ ಆಗತೈತಿ" ಅಂದರು. ಎರಡನೇ ರಾತ್ರಿಯಿಂದ ಮಾನಿಟರಿನ ಬ್ರೈಟ್‌ನೆಸ್ ಕಡಿಮೆ ಮಾಡಿಟ್ಟೆ.

ಮೊದಲ ಬಿಲ್ಡ್, ಗುಡ್. ಎರಡನೆಯದು, ಗುಡ್. ಐದು, ಗುಡ್. ಎಂಟು ಸಲ ಸತತವಾಗಿ ಗುಡ್ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾಣ್ಯ ಹಾರಿಸಿ ಎಂಟು ಸಲವೂ ಹೆಡ್ಡೇ ಬಿದ್ದರೆ ನಾಣ್ಯವನ್ನು ತಿರುಗಿಸಿ ನೋಡುತ್ತೇವೆ, ಅಲ್ವಾ? ನಾನು ನೋಡಲಿಲ್ಲ. ತಪ್ಪು ಕೊನೆಕೊನೆಗೆ ಬಂದು ಸೇರಿಕೊಂಡಿದೆ, ಹತ್ತಿರ ಹೋಗುತ್ತಿದ್ದೇನೆ ಅಂತ ಖುಷಿಯೇ ಆಗುತ್ತಿತ್ತು. ಮೂರನೇ ರಾತ್ರಿ 15ನೇ ಬಿಲ್ಡೂ ಗುಡ್. ಗಿಟ್ ತೀರ್ಪು ಕೊಟ್ಟಿತು: ಮೊದಲ ಕೆಟ್ಟ ಕಮಿಟ್, "ಲಿನಕ್ಸ್ 5.15". ಬರೆದವರು ಲಿನಸ್ ಟೊರ್ವಾಲ್ಡ್ಸ್. ತೆರೆದು ನೋಡಿದರೆ ಮೇಕ್‌ಫೈಲ್ ಒಂದರಲ್ಲಿ ಆವೃತ್ತಿಯ ಹೆಸರು ಬದಲಿಸಿದ್ದಾರೆ, ಅಷ್ಟೇ.

ಅಂದರೆ ಕರ್ನಲ್‌ಗೆ 5.15 ಅಂತ ಹೆಸರಿಟ್ಟ ಕ್ಷಣವೇ ನಮ್ಮ ಕಾಕಾನ ಸ್ಕ್ರೀನು ಕಪ್ಪಾಯಿತು. ನಾಮಕರಣದ ದೋಷ. ಪುರೋಹಿತರನ್ನು ಕರೆಸಬೇಕಿತ್ತು.

ಮಲಗಿದೆ. ಸಿಟ್ಟಿಗೆ ಮೆಷಿನ್ನನ್ನು ಡಿಸ್ಟ್ರೋದ 5.15ರಲ್ಲೇ ಬಿಟ್ಟು ಮಲಗಿದೆ.

ಮರುದಿನ ಗುರುವಾರ. ಪುಣೆಯಲ್ಲಿ ಇರುವವರಿಗೆ ಗುರುವಾರ ಅಂದರೆ ಗೊತ್ತು, ಮೇಂಟೆನೆನ್ಸ್ ಅಂತ ಕರೆಂಟೂ ಹೋಗಬಹುದು, ನೀರೂ ಹೋಗಬಹುದು. ಅವತ್ತು ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಮಧ್ಯಾಹ್ನ ಮೂರಕ್ಕೆ ಬಂತು. ಕರೆಂಟ್ ಬಂದ ಕೂಡಲೇ ಮೆಷಿನ್ ತಾನಾಗೇ ಏಳುವ ಹಾಗೆ ಬಯಾಸ್‌ನಲ್ಲಿ ಸೆಟ್ ಮಾಡಿದ್ದೆ. ನಾನು ಒಳಗೆ ಮೀಟಿಂಗಿನಲ್ಲಿದ್ದೆ. ಸಂಜೆ ಐದರ ಹೊತ್ತಿಗೆ ಹೊರಗೆ ಬಂದರೆ ಕಾಕಾ ಟೇಬಲ್ ಮುಂದೆ ಕೂತು ಪಾವತಿ ಪುಸ್ತಕದ ಗಣಪತಿಗೆ ಬಾರ್ಡರ್ ಹಾಕುತ್ತಿದ್ದಾರೆ.

"ಕಾಕಾ, ಚಾಲೂ ಆತೇನ್ರಿ? ಯಾರು ಮಾಡಿದ್ರು?"

"ಯಾರೂ ಮಾಡಿಲ್ಲ. ತಾನ ಎದ್ದು ಕುಂತೈತಿ."

ಲ್ಯಾಪ್‌ಟಾಪಿನಿಂದ ಒಳಗೆ ಹೋಗಿ ಕರ್ನಲ್ ಯಾವುದು ಅಂತ ಯುನೇಮ್ ಕೊಟ್ಟು ಕೇಳಿದೆ. 5.15. ಅದೇ ಕೆಟ್ಟ ಕರ್ನಲ್. ಡಿಮೆಸೇಜ್‌ನಲ್ಲಿ ಆ ಸಾಲು ಒಂದೇ ಒಂದು ಸಲವೂ ಇಲ್ಲ. ಕಾಕಾ ಫೈಲ್ ಸೇವ್ ಮಾಡಿ ಚಹಾ ಕುಡಿಯಲು ಎದ್ದಾಗ ರೀಬೂಟ್ ಮಾಡಿದೆ. ಸ್ಕ್ರೀನ್ ಕಪ್ಪು. ಸಾವಿರ ಸಾಲು.

ತಾನಾಗಿ ಕೆಡುವುದು ಅರ್ಥ ಆಗುತ್ತದೆ, ತಾನಾಗಿ ರಿಪೇರಿ ಆಗುವುದು ಮಾತ್ರ ಭಯ ಹುಟ್ಟಿಸುತ್ತದೆ. ಏನು ಬೇರೆ ಇತ್ತು ಅಂತ ಒಬ್ಬೊಬ್ಬರನ್ನೇ ವಿಚಾರಣೆ ಮಾಡಿದೆ. ಹೆಂಡತಿ ಮಿಕ್ಸಿ ಹಾಕಿದ್ದಳಂತೆ, ಸಂಬಂಧ ಇಲ್ಲ. ಕೊನೆಗೆ ಕಾಕು, ಸ್ವಲ್ಪ ಹೆದರಿಕೊಂಡೇ, ಬಾಯಿ ಬಿಟ್ಟರು. ಟಿವಿಯ ಎಚ್‌ಡಿಎಂಐ ಕೇಬಲ್ಲಿನ ತುದಿ ಮುರಿದಿತ್ತು. ಬೆಳಿಗ್ಗೆ ಧಾರಾವಾಹಿಗೆ ಅಂತ ಕಾಕಾನ ಕಾರ್ಡಿನ ಕೇಬಲ್ ಬಿಚ್ಚಿ ಸೆಟ್‌ಟಾಪ್ ಬಾಕ್ಸಿಗೆ ಹಾಕಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಮಧ್ಯಾಹ್ನ ಧಾರಾವಾಹಿ ಮುಗಿದ ಮೇಲೆ ಕಾಕಾ ಬಯ್ದು ಕೇಬಲ್ ವಾಪಸ್ ಹಾಕಿಕೊಂಡರು.

ಅಂದರೆ ಮೆಷಿನ್ ಎದ್ದಾಗ ಕಾರ್ಡಿಗೆ ಮಾನಿಟರೇ ಇರಲಿಲ್ಲ.

ಕೇಬಲ್ ಕಿತ್ತೆ, ರೀಬೂಟ್ ಮಾಡಿದೆ, ಕೇಬಲ್ ಹಾಕಿದೆ. ವಿಂಡೋಸ್ ಬಂತು. ಕೇಬಲ್ ಇಟ್ಟೇ ರೀಬೂಟ್ ಮಾಡಿದೆ. ಕಪ್ಪು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಮೂರು ರಾತ್ರಿ ನಿದ್ದೆಗೆಟ್ಟು ಬೈಸೆಕ್ಟಿನಲ್ಲಿ ಸಿಗದ ಸುಳಿವು ಒಂದು ಧಾರಾವಾಹಿಯಿಂದ ಸಿಕ್ಕಿತ್ತು.

ಈಗ ಯೋಚನೆ ಸರಿ ದಾರಿಗೆ ಬಂತು. ಮೆಷಿನ್ ಆನ್ ಆದಾಗ ಲಿನಕ್ಸ್ ಬರುವ ಮೊದಲು ಫರ್ಮ್‌ವೇರ್ (ಬಯಾಸ್) ಇರುತ್ತದೆ. ನನ್ನ ಬೋರ್ಡಿನಲ್ಲಿ ಎರಡು ಗ್ರಾಫಿಕ್ಸ್: ಇಂಟೆಲ್‌ನದು ಒಂದು ಪ್ರೊಸೆಸರಿನ ಒಳಗೇ, ಇನ್ನೊಂದು ಈ ಕಾರ್ಡು. ಸೆಟ್ಟಿಂಗ್ ಆಟೋದಲ್ಲಿತ್ತು, ಅಂದರೆ ಮಾನಿಟರ್ ಯಾವುದಕ್ಕೆ ಇದೆಯೋ ಫರ್ಮ್‌ವೇರ್ ಅದರ ಮೇಲೆ ಕಂಪನಿ ಲೋಗೋ ಬಿಡಿಸುತ್ತದೆ. ಬಿಡಿಸಲು ಕಾರ್ಡಿನ ಮೆಮೊರಿಯಲ್ಲಿ ಒಂದು ತುಂಡು ಜಾಗ ಹಿಡಿಯುತ್ತದೆ. ಹೋಗುವಾಗ ಲಿನಕ್ಸ್‌ಗೆ ಚೀಟಿ ಬರೆದಿಟ್ಟು ಹೋಗುತ್ತದೆ: ಚಿತ್ರ ಬರೆಯಬೇಕಾದರೆ ಜಾಗ ಇಲ್ಲಿದೆ.

ಸುಡೊ ಹಾಕಿ ಪ್ರಾಕ್ ಕೆಳಗಿನ ಐಒಮೆಮ್ ಫೈಲ್ ತೆರೆದೆ. (ಸುಡೊ ಇಲ್ಲದೆ ತೆರೆದರೆ ವಿಳಾಸಗಳೆಲ್ಲ ಸೊನ್ನೆ ಕಾಣುತ್ತವೆ. ನಾನು ಮೊದಲು ಹಾಗೇ ತೆರೆದು ಐದು ನಿಮಿಷ ಗಾಬರಿಯಾದೆ.) ಇದು ಯಾವ ವಿಳಾಸದಲ್ಲಿ ಯಾರು ಕೂತಿದ್ದಾರೆ ಅನ್ನುವ ಪಟ್ಟಿ, ಒಬ್ಬರೊಳಗೆ ಒಬ್ಬರಿದ್ದರೆ ಎರಡು ಸ್ಪೇಸ್ ಒಳಗೆ ಸರಿಸಿ ಬರೆದಿರುತ್ತಾರೆ. ಕಾರ್ಡಿನ ಸಾಲು ಹುಡುಕಿದೆ. ಅದರ ಕೆಳಗೆ, ಒಳಕ್ಕೆ ಸರಿದು, ಒಂದೇ ಪದ: ಬೂಟ್‌ಎಫ್‌ಬಿ. ಎಫ್‌ಬಿ ಅಂದರೆ ಫ್ರೇಮ್‌ಬಫರ್, ಪರದೆಯ ಚಿತ್ರ ಇಡುವ ಜಾಗ.

ಅದರ ಕೊನೆಯ ವಿಳಾಸದಿಂದ ಶುರುವಿನದನ್ನು ಕಳೆದು, ಒಂದು ಕೂಡಿಸಿ ನೋಡಿದೆ. 82,94,400 ಬೈಟ್. 1920 ಗುಣಿಸು 1080 ಗುಣಿಸು 4. ಕಾಕಾನ ಮಾನಿಟರಿನ ಒಂದು ಪೂರ್ತಿ ಚಿತ್ರ, ಒಂದು ಚುಕ್ಕೆಗೆ ನಾಲ್ಕು ಬೈಟಿನಂತೆ. 4096 ಬೈಟಿನ ಪುಟಗಳಾದರೆ ಸರಿಯಾಗಿ 2025, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. 256 ಎಂಬಿಯ ದೊಡ್ಡ ಹಾಲಿನಲ್ಲಿ ಒಂದು ಚಾಪೆ ಹಾಸಿಕೊಂಡು ಯಾರೋ ಮಲಗಿದ್ದಾರೆ, ಅದಕ್ಕೆ ಇಡೀ ಹಾಲು ವಿಎಫ್‌ಐಒಗೆ ಸಿಗುತ್ತಿಲ್ಲ. ನಮ್ಮ ಹಾಲಿನದೂ ಅದೇ ಗತಿ ಅಂತ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. 5.13ರಲ್ಲೂ ಕೇಬಲ್ ಇತ್ತು, ಫರ್ಮ್‌ವೇರ್ ಅದೇ ಇತ್ತು, ಆಗ ಯಾಕೆ ಈ ಚಾಪೆ ಇರಲಿಲ್ಲ? ಆಗ ಆ ಚೀಟಿ ಓದುತ್ತಿದ್ದವನು ಇಎಫ್‌ಐಎಫ್‌ಬಿ ಅನ್ನುವ ಹಳೆಯ ಡ್ರೈವರು. ಅವನನ್ನು ತಡೆಯಲು, ಕರ್ನಲ್ ಏಳುವಾಗ ಕೊಡುವ ಬೂಟ್ ಸಾಲಿನಲ್ಲಿ ಇಎಫ್‌ಐಎಫ್‌ಬಿ ಆಫ್ ಅಂತ ಬರೆದಿಟ್ಟು ವರ್ಷಗಳಾಗಿದ್ದವು, ಪಾಸ್‌ಥ್ರೂ ಮಾಡುವವರೆಲ್ಲ, ಅಂದರೆ ಹೀಗೆ ಕಾರ್ಡನ್ನು ವರ್ಚುವಲ್ ಮೆಷಿನ್‌ಗೆ ಬಿಟ್ಟುಕೊಡುವವರೆಲ್ಲ, ಕಣ್ಣು ಮುಚ್ಚಿ ಬರೆಯುವ ಮಂತ್ರ ಅದು. ಡ್ರೈವರು ಏಳದಿದ್ದರೆ ಜಾಗವೂ ಹಿಡಿಯುವುದಿಲ್ಲ. ಹೊಸದರಲ್ಲಿ ಚೀಟಿ ಓದುವುದು ಸಿಸ್‌ಎಫ್‌ಬಿ ಅನ್ನುವ ಕೋಡು. ಅದು ಮೊದಲು ಸಿಂಪಲ್ ಫ್ರೇಮ್‌ಬಫರ್ ಅಂತ ಒಂದು ಡಿವೈಸ್ ಹುಟ್ಟಿಸಿ, ಬೂಟ್‌ಎಫ್‌ಬಿ ಹೆಸರಿನಲ್ಲಿ ಜಾಗ ಬರೆಸಿಬಿಡುತ್ತದೆ. ಡ್ರೈವರು ಆಮೇಲೆ ಬರಲಿ ಬಿಡಲಿ, ಜಾಗ ಹೋಯಿತು. ನನ್ನ ಮಂತ್ರ ಊರು ಬಿಟ್ಟು ಹೋದವನ ಮನೆ ಬಾಗಿಲಿಗೆ ಬೀಗ ಹಾಕುತ್ತಿತ್ತು.

ಹಾಗಾದರೆ ಬೈಸೆಕ್ಟಿನಲ್ಲಿ ಇದು ಯಾಕೆ ಸಿಗಲಿಲ್ಲ? ಮೂರು ರಾತ್ರಿಯೂ ಕೇಬಲ್ ಕಾರ್ಡಿನಲ್ಲೇ ಇತ್ತಲ್ಲ. ಇಲ್ಲೇ ನನ್ನ ಮುಖಕ್ಕೆ ಹೊಡೆದಂತಾಗಿದ್ದು. ಡಿಸ್ಟ್ರೋದ ಎರಡು ಕರ್ನಲ್‌ಗಳ ಕಾನ್ಫಿಗ್ ಫೈಲು ಬೂಟ್ ಫೋಲ್ಡರಿನಲ್ಲೇ ಇರುತ್ತವೆ. ಕರ್ನಲ್ ಸೋರ್ಸಿನ ಜೊತೆ ಬರುವ ಡಿಫ್‌ಕಾನ್ಫಿಗ್ ಸ್ಕ್ರಿಪ್ಟಿಗೆ ಎರಡನ್ನೂ ಕೊಟ್ಟೆ. ಉದ್ದನೆಯ ಪಟ್ಟಿ ಬಂತು. ಎಫ್‌ಬಿ ಅಂತ ಇರುವ ಸಾಲುಗಳನ್ನು ಮಾತ್ರ ಹೆಕ್ಕಿದೆ. 5.13ರಲ್ಲಿ ಎಕ್ಸ್86 ಸಿಸ್‌ಎಫ್‌ಬಿ ಅನ್ನುವ ಆಯ್ಕೆ, ಆಫ್. 5.15ರಲ್ಲಿ ಆ ಹೆಸರೇ ಇಲ್ಲ. ಎಕ್ಸ್86 (ಇಂಟೆಲ್ ಥರದ ಪ್ರೊಸೆಸರು) ಫೋಲ್ಡರಿನಲ್ಲಿದ್ದ ಆ ಕೋಡನ್ನು ಎಲ್ಲ ಬಗೆಯ ಪ್ರೊಸೆಸರುಗಳಿಗೂ ಸಿಗಲಿ ಅಂತ ಡ್ರೈವರ್ಸ್ ಕೆಳಗಿನ ಫರ್ಮ್‌ವೇರ್ ಫೋಲ್ಡರಿಗೆ ಸಾಗಿಸಿ, ಆಯ್ಕೆಗೆ ಸಿಸ್‌ಎಫ್‌ಬಿ ಸಿಂಪಲ್‌ಎಫ್‌ಬಿ ಅಂತ ಹೊಸ ಹೆಸರಿಟ್ಟಿದ್ದಾರೆ. ನನ್ನ ಡಿಸ್ಟ್ರೋ ಅದನ್ನು ಆನ್ ಮಾಡಿದೆ. ಹುಚ್ಚಿಗೆ ಮಾಡಿದ್ದಲ್ಲ. 5.14ರಲ್ಲಿ ಸಿಂಪಲ್‌ಡಿಆರ್‌ಎಂ ಅನ್ನುವ ಹೊಸ ಡ್ರೈವರು ಬಂತು, ಹಳೆಯ ಎಫ್‌ಬಿ ಡ್ರೈವರುಗಳನ್ನು ನಿವೃತ್ತಿ ಮಾಡಿಸಲು ಅದು ಬೇಕು, ಅದಕ್ಕೆ ಈ ಆಯ್ಕೆ ಬೇಕು.

ಈಗ ನನ್ನ ಬೈಸೆಕ್ಟ್ ನೋಡಿ. ಶುರುವಿನಲ್ಲಿ 5.15ರ ಕಾನ್ಫಿಗನ್ನು ಒಂದೇ ಒಂದು ಸಲ ಕಾಪಿ ಮಾಡಿದೆ. ಪ್ರತಿ ಬಿಲ್ಡಿಗೆ ಮುಂಚೆ, ಇದ್ದ ಕಾನ್ಫಿಗನ್ನು ಆಯಾ ಕೋಡಿಗೆ ಹೊಂದಿಸುವ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದೆ. ಮೊದಲ ಹೆಜ್ಜೆಯಲ್ಲೇ ಗಿಟ್ ನನ್ನನ್ನು ಹೊಸ ಹೆಸರು ಹುಟ್ಟುವ ಮೊದಲಿನ ಕಾಲಕ್ಕೆ ಕರೆದುಕೊಂಡು ಹೋಯಿತು. ಅಲ್ಲಿ ಓಲ್ಡ್‌ಡೆಫ್‌ಕಾನ್ಫಿಗ್, ಈ ಹೆಸರು ನನಗೆ ಗೊತ್ತಿಲ್ಲ ಅಂತ ಆ ಸಾಲನ್ನು ಸದ್ದಿಲ್ಲದೆ ಬಿಸಾಡಿತು. ಆಮೇಲೆ ಮತ್ತೆ ಹೊಸ ಕಾಲಕ್ಕೆ ಬಂದಾಗ, ಸಾಲು ಇಲ್ಲವಲ್ಲ, ಡಿಫಾಲ್ಟ್ ಏನು, ಆಫ್, ಸರಿ ಆಫ್. ಉಳಿದ 14 ಬಿಲ್ಡುಗಳಲ್ಲೂ ನಾನು ಹುಡುಕುತ್ತಿದ್ದ ತಪ್ಪು ಇರಲು ಸಾಧ್ಯವೇ ಇರಲಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಗೇಡು: ಡಿಸ್ಟ್ರೋದ 5.15 ಕೆಟ್ಟಿದೆ ಅಂತ ನೋಡಿ, ನಾನೇ ಕಟ್ಟಿದ 5.15 ಕೂಡ ಕೆಟ್ಟಿರುತ್ತದೆ ಅಂತ ಗಿಟ್‌ಗೆ ಬ್ಯಾಡ್ ಅಂದುಬಿಟ್ಟಿದ್ದೆ. ಕಟ್ಟಿ ನೋಡಿರಲೇ ಇಲ್ಲ. ನೋಡಿದ್ದರೆ ಇಪ್ಪತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಆ ರಾತ್ರಿ ಎರಡೇ ಬಿಲ್ಡ್ ಮಾಡಿದೆ. ಹಳೆಯ ಕಾನ್ಫಿಗ್ ಹಾಕಿದ 5.15: ವಿಂಡೋಸ್ ಬಂತು. ಎಕ್ಸ್86 ಸಿಸ್‌ಎಫ್‌ಬಿ ಆನ್ ಮಾಡಿದ 5.13, ನನ್ನ ಪಾಲಿಗೆ ಅಲ್ಲಿಯವರೆಗೆ ದೇವರಂತಿದ್ದ 5.13: ಸ್ಕ್ರೀನ್ ಕಪ್ಪು, ಅದೇ ಬೂಟ್‌ಎಫ್‌ಬಿ, ಅದೇ ಸಾವಿರ ಸಾಲು. ಎರಡು ಆವೃತ್ತಿಗಳ ನಡುವೆ ಕೋಡಿನಲ್ಲಿ ಏನೂ ಕೆಟ್ಟಿರಲಿಲ್ಲ. ವಿಎಫ್‌ಐಒದವರು ಮಾಡಿದ ದೊಡ್ಡ ರಿಪೇರಿಗೂ ಇದಕ್ಕೂ ಎಳ್ಳಷ್ಟೂ ಸಂಬಂಧ ಇರಲಿಲ್ಲ.

ಇನ್ನೂ ಒಂದು ಮಾತು ಯೋಚಿಸಿದರೆ ಮೈ ಜುಮ್ ಅನ್ನುತ್ತದೆ. ನಾನು ಜಾಣನಾಗಿ, ಪ್ರತಿ ಹೆಜ್ಜೆಗೂ ಮೂಲ ಕಾನ್ಫಿಗನ್ನು ಹೊಸದಾಗಿ ಕಾಪಿ ಮಾಡಿಕೊಂಡು ಬೈಸೆಕ್ಟ್ ಮಾಡಿದ್ದೆ ಅಂತಿಟ್ಟುಕೊಳ್ಳಿ. ಅದು ನೇರವಾಗಿ ಆಯ್ಕೆಯ ಹೆಸರು ಬದಲಿಸಿದ ಪ್ಯಾಚಿಗೆ ಹೋಗಿ ನಿಲ್ಲುತ್ತಿತ್ತು. ಕೋಡನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಿದ ಪಾಪದ ಪ್ಯಾಚ್ ಅದು. ಸಾಕ್ಷಿ ಪಕ್ಕಾ, ಕಮಿಟ್ ನಂಬರ್ ಸಮೇತ, ನಾನು ಎದೆಯುಬ್ಬಿಸಿ ಮೇಲ್ ಕಳಿಸುತ್ತಿದ್ದೆ. ದಡ್ಡತನ ಉಳಿಸಿತು.

ಕರ್ನಲ್‌ನ ಕಾಗದಪತ್ರದಲ್ಲಿ ರಿಗ್ರೆಶನ್ ಅಂದರೆ ಏನು ಅಂತ ಬರೆದಿರುವಾಗ ಒಂದು ಷರತ್ತು ಇದೆ: ಹೊಸ ಕರ್ನಲ್ಲನ್ನು ಹಳೆಯದರ ಥರದ್ದೇ ಕಾನ್ಫಿಗ್‌ನಿಂದ ಕಟ್ಟಿರಬೇಕು. ಮೊದಲು ಓದಿದಾಗ ವಕೀಲರು ಸೇರಿಸಿದ ಸಾಲು ಅಂದುಕೊಂಡು ದಾಟಿ ಹೋಗಿದ್ದೆ. ಆ ಷರತ್ತಿನ ಪ್ರಕಾರ ನನ್ನದು ಕರ್ನಲ್‌ನ ರಿಗ್ರೆಶನ್ನೇ ಅಲ್ಲ. ಇದು ಸರಿಯಾ ಅಂತ ಕೇಳಿದರೆ ನನಗೆ ಪೂರ್ತಿ ಸಮಾಧಾನ ಇಲ್ಲ. ಕಾನ್ಫಿಗ್ ಯಾರು ಬದಲಿಸಿದರು ಅನ್ನುವುದು ಕಾಕಾನಂಥವರಿಗೆ ಯಾಕೆ ಬೇಕು, ಅವರಿಗೆ ಸ್ಕ್ರೀನು ಕಪ್ಪಾಗಿದ್ದಷ್ಟೇ ನಿಜ. ಆದರೆ ಗೆರೆ ಎಲ್ಲೋ ಎಳೆಯಲೇಬೇಕಲ್ಲ. ಸಾವಿರಾರು ಆಯ್ಕೆಗಳಲ್ಲಿ ಯಾರೋ ಯಾವುದನ್ನೋ ಒತ್ತಿದ್ದಕ್ಕೆಲ್ಲ ಕೋಡ್ ಬರೆದವರು ಉತ್ತರ ಕೊಡುತ್ತಾ ಕೂತರೆ ಮುಗಿಯಿತು. ಡ್ರಾಫ್ಟಿನಲ್ಲಿದ್ದ ಮೇಲ್ ಅಳಿಸಿದೆ.

ಪರಿಹಾರ ಒಂದು ಸಾಲು. ಬೂಟ್ ಸಾಲಿನಲ್ಲಿ ಹಳೆಯ ಮಂತ್ರ ತೆಗೆದು, ಇನಿಟ್‌ಕಾಲ್ ಬ್ಲ್ಯಾಕ್‌ಲಿಸ್ಟ್‌ಗೆ ಸಿಸ್‌ಎಫ್‌ಬಿ ಇನಿಟ್ ಅನ್ನುವ ಫಂಕ್ಷನ್ನಿನ ಹೆಸರು ಕೊಟ್ಟೆ. ಚೀಟಿ ಓದುವವನೇ ಏಳುವುದಿಲ್ಲ, ಚಾಪೆಯೂ ಇಲ್ಲ. ಬೂಟ್ ಆಗುವಾಗ ಪರದೆ ಮೇಲೆ ಅಕ್ಷರ ಕಾಣುವುದಿಲ್ಲ ಅನ್ನುವುದೊಂದೇ ಬೆಲೆ, ನಾನು ಹೇಗೂ ಎಸ್‌ಎಸ್‌ಎಚ್‌ನಲ್ಲೇ ಇರುತ್ತೇನೆ. ಬಯಾಸ್‌ಗೆ ಹೋಗಿ ಆಟೋ ಇದ್ದದ್ದನ್ನು ಇಂಟೆಲ್ ಗ್ರಾಫಿಕ್ಸ್ ಅಂತ ಬದಲಿಸಿದ್ದರೂ ಆಗುತ್ತಿತ್ತು, ಆಮೇಲೆ ಅದನ್ನೂ ಮಾಡಿದೆ. ಮುಂದೆ ಬಂದ ಕರ್ನಲ್‌ಗಳಲ್ಲಿ ವಿಎಫ್‌ಐಒ-ಪಿಸಿಐ ಕಾರ್ಡನ್ನು ಹಿಡಿಯುವಾಗ ತಾನೇ ಇಂಥ ಬೂಟ್ ಕಾಲದ ಪರದೆಯನ್ನು ಎಬ್ಬಿಸಿ ಕಳಿಸುವ ಹಾಗೆ ಮಾಡಿದರು. ಆ ಪ್ಯಾಚ್ ಬರೆದವರೂ ಅಲೆಕ್ಸ್ ವಿಲಿಯಮ್ಸನ್ನರೇ. ನಾನು ಬೈಯಲು ಹೊರಟಿದ್ದ ಮನೆಯಿಂದಲೇ ಔಷಧಿ ಬಂತು. ಈಗ ಆ ಸಾಲು ನನಗೆ ಬೇಕಾಗಿಲ್ಲ, ತೆಗೆದು ಹಾಕುವಷ್ಟು ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಶನಿವಾರ ಮಳೆ ಸ್ವಲ್ಪ ಬಿಟ್ಟಾಗ ತಾಪ್ಕೀರ್ ಗಲ್ಲಿಗೆ ಹೋಗಿ ಟಿವಿಗೆ ಬೇರೆ ಎಚ್‌ಡಿಎಂಐ ಕೇಬಲ್ ತಂದೆ. ವಾಪಸ್ ಬಂದಾಗ ಕಾಕಾ ಪಾವತಿ ಪುಸ್ತಕದ ಕೊನೆಯ ಪ್ರೂಫ್ ನೋಡುತ್ತಿದ್ದರು. ಕನ್ನಡಕ ಹಣೆಗೆ ಏರಿಸಿ ಕೇಳಿದರು.

"ಏನಾಗಿತ್ತಲೇ ಕಡೀಕ?"

ಸಿಸ್‌ಎಫ್‌ಬಿ, ಬಾರ್ 1, ಕಾನ್ಫಿಗ್, ಎಲ್ಲ ಬಾಯಿಗೆ ಬಂತು. ನುಂಗಿಕೊಂಡೆ.

"ಕೇಬಲ್ ರೀ ಕಾಕಾ."

"ಮತ್ತ? ನಾ ಮೊದಲನೇ ದಿನಾನ ಹೇಳಿದ್ದಿಲ್ಲೇನು?"